5 ಕಿಲೋವ್ಯಾಟ್ ಮನೆಗೆ 7.4 ಕಿಲೋವ್ಯಾಟ್ ಚಾರ್ಜರ್

ನಮ್ಮ ಎಲೆಕ್ಟ್ರಿಕ್ ಕಾರಿಗೆ (ಇವಿ) ಮನೆಯಲ್ಲೇ ಒಂದು ಸ್ಮಾರ್ಟ್ ಚಾರ್ಜರ್ ಹಾಕಿಸಿದೆ. ಸ್ಮಾರ್ಟ್ ಚಾರ್ಜರ್ ಅಂದರೆ ಮೊಬೈಲ್‌ನಲ್ಲಿ ಗ್ರಾಫ್ ನೋಡೋದು ಅಷ್ಟೇ, ಅದಕ್ಕೆ ಯಾಕೆ ದುಡ್ಡು ಹಾಕ್ತೀರಿ ಅಂತ ಸುಮಾರು ಜನ ಹೇಳಿದರು. ಗ್ರಾಫಿಗಾದರೆ ಖಂಡಿತ ಬೇಡ. ಇದರಲ್ಲಿ ಲೋಡ್ ಬ್ಯಾಲೆನ್ಸಿಂಗ್ ಅಂತ ಒಂದಿದೆ, ಅಂದರೆ ಮನೆಯ ಬಳಕೆ ನೋಡಿಕೊಂಡು ಗಾಡಿಗೆ ಹೋಗುವ ಕರೆಂಟನ್ನು ತಾನೇ ಏರಿಸಿ ಇಳಿಸುವುದು. ನನಗೆ ಬೇಕಾಗಿದ್ದೂ ಅದೇ, ಇಷ್ಟವಾಗಿದ್ದೂ ಅದೇ.

ಮನೆ ವಿಜಯಪುರದ ಜಲನಗರದಲ್ಲಿ, ನನ್ನ ಶಾಲೆ ಸಿಂದಗಿಯಲ್ಲಿ. ಹೋಗಿ ಬರಲು ಹೆಚ್ಚುಕಡಿಮೆ 120 ಕಿಲೋಮೀಟರ್. ಬೇಸಿಗೆಯಲ್ಲಿ ಎಸಿ ಇಲ್ಲದೆ ಆ ದಾರಿ ಆಗದ ಮಾತು. ದಿನಕ್ಕೆ 17-18 ಯೂನಿಟ್ ಬೇಕು. ನಮ್ಮ ಮನೆಗೆ ಹೆಸ್ಕಾಂ ಮಂಜೂರು ಮಾಡಿರುವ ಲೋಡ್, ಅಂದರೆ ಒಮ್ಮೆಗೆ ಎಳೆಯಬಹುದಾದ ಮಿತಿ, 5 ಕಿಲೋವ್ಯಾಟ್. ಈ ಚಾರ್ಜರ್ 7.4 ಕಿಲೋವ್ಯಾಟ್‌ನದು, 32 ಆಂಪಿಯರ್‌ವರೆಗೆ ಎಳೆಯುತ್ತದೆ. ಲೋಡ್ ಜಾಸ್ತಿ ಮಾಡಿಸಬಹುದಿತ್ತು. ಆದರೆ ನಿಗದಿತ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲಿ ಬರುತ್ತದೆ. ರಜೆಯಲ್ಲಿ ಗಾಡಿ ಸುಮ್ನೆ ನಿಂತಿದ್ದರೂ ಕಟ್ಟಬೇಕು.

ಮೀಟರಿನಿಂದ ಮನೆಯೊಳಗೆ ಬರುವ ಫೇಸ್ ವೈರಿಗೆ ಬಳೆಯಂಥ ಒಂದು ಕ್ಲ್ಯಾಂಪ್ ತೊಡಿಸುತ್ತಾರೆ. ವೈರ್ ಕತ್ತರಿಸಬೇಕಿಲ್ಲ, ಸುತ್ತ ಹಾಕಿದರೆ ಆಯಿತು. ಇಡೀ ಮನೆ ಎಷ್ಟು ಕರೆಂಟ್ ಎಳೆಯುತ್ತಿದೆ ಅಂತ ಅದು ಅಳೆದು ಚಾರ್ಜರಿಗೆ ತಿಳಿಸುತ್ತದೆ. 5 ಕಿಲೋವ್ಯಾಟ್ ಅಂದರೆ ಸುಮಾರು 22 ಆಂಪಿಯರ್, ಇಡೀ ಮನೆಗೆ ಅದನ್ನೇ ಮಿತಿಯಾಗಿ ಇಟ್ಟಿದ್ದೇನೆ. ಒಂದು ಸಂಜೆ ಗಾಡಿ 19 ಆಂಪಿಯರ್‌ನಲ್ಲಿ ಚಾರ್ಜ್ ಆಗುತ್ತಿತ್ತು. ಅತ್ತೆ ಬೋರ್ ಮೋಟರ್ ಹಾಕಿದರು, ಒಳಗೆ ಎಸಿ ಬೇರೆ ಶುರುವಾಯಿತು. ನೋಡುನೋಡುತ್ತಲೇ 14ಕ್ಕೆ ಇಳಿಯಿತು, ಆಮೇಲೆ 7ಕ್ಕೆ. ಟ್ಯಾಂಕ್ ತುಂಬಿ ಮೋಟರ್ ಬಂದಾದ ಮೇಲೆ ತಾನೇ ಮೇಲೇರಿತು. ಹಳೆಯ 15 ಆಂಪಿಯರ್ ಪ್ಲಗ್ಗಿನಲ್ಲಾಗಿದ್ದರೆ ಎಂಸಿಬಿ ಬಿದ್ದು ಮನೆಯೆಲ್ಲ ಕತ್ತಲಾಗುತ್ತಿತ್ತು. 6 ಆಂಪಿಯರಿಗಿಂತ ಕೆಳಗೆ ಚಾರ್ಜಿಂಗ್ ನಡೆಯುವುದಿಲ್ಲ, ಅಷ್ಟೂ ಉಳಿಯದಿದ್ದರೆ ನಿಂತು ಕಾಯುತ್ತದೆ. ಬೆಳಗ್ಗೆ ನಾನು ಹೊರಡುವ ಹೊತ್ತಿಗೆ ಬ್ಯಾಟರಿ ಸಾಕಷ್ಟು ತುಂಬಿರುತ್ತದೆ.

ಫಿಟ್ಟಿಂಗ್ ಮಾತ್ರ ತಲೆನೋವು. ಕಂಪನಿಯವರು ಕಳಿಸಿದ ಹುಡುಗ ಜೋಡಿಸಿ ಆನ್ ಮಾಡಿದರೆ ಕೆಂಪು ದೀಪ ಹತ್ತಿತು. ಅರ್ಥಿಂಗ್ ಸರಿ ಇರಲಿಲ್ಲ. "ಮೇಡಂ, ಅರ್ಥ್ ವೈರ್ ನ್ಯೂಟ್ರಲ್‌ಗೇ ಜೋಡಿಸಿಬಿಡ್ತೀನ್ರಿ, ಏನೂ ಆಗೂದಿಲ್ಲ" ಅಂದ. ನಾನು ಒಪ್ಪಲಿಲ್ಲ. ಹಾಗೆ ಮಾಡಿದಾಗ ನ್ಯೂಟ್ರಲ್ ಎಲ್ಲಾದರೂ ಕಡಿದರೆ ಗಾಡಿಯ ಬಾಡಿಗೇ ಕರೆಂಟ್ ಬರುತ್ತದೆ, ಮಕ್ಕಳು ಮುಟ್ಟುವ ಗಾಡಿ ಅದು. ಕೊನೆಗೆ ನಮ್ಮ ಓಣಿಯ ಎಲೆಕ್ಟ್ರಿಷಿಯನ್ ಬಂದು ಹೊಸ ಗುಂಡಿ ತೋಡಿ, ಇದ್ದಿಲು ಉಪ್ಪು ಹಾಕಿ ಅರ್ಥಿಂಗ್ ಮಾಡಿಕೊಟ್ಟರು. "ಬ್ಯಾಸಗ್ಯಾಗ ಮಣ್ಣು ಒಣಗತೈತ್ರಿ ಅಕ್ಕಾರ, ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕ್ರಿ" ಅಂತ ಹೇಳಿ ಹೋದರು. ಹಾಕುತ್ತಿದ್ದೇನೆ. ಆ ಕೆಂಪು ದೀಪ ಮತ್ತೆ ಬಂದಿಲ್ಲ.

ಆ್ಯಪ್ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಎಲ್ಲ ಇಂಗ್ಲಿಷ್, ಅತ್ತೆಗೆ ಉಪಯೋಗವಿಲ್ಲ. ರಾತ್ರಿ ಅಗ್ಗದ ದರ ನೋಡಿ ಚಾರ್ಜ್ ಮಾಡುವ ಸೌಲಭ್ಯವೂ ನಮಗೆ ಕೆಲಸಕ್ಕೆ ಬರಲ್ಲ, ನಮ್ಮ ಬಿಲ್ಲಿನಲ್ಲಿ ಹಗಲು ರಾತ್ರಿ ಒಂದೇ ದರ. ಕರೆಂಟ್ ಹೋಗಿ ಬಂದರೆ ಯಾರೂ ಮುಟ್ಟದೇ ಚಾರ್ಜಿಂಗ್ ಮತ್ತೆ ಶುರುವಾಗುತ್ತದೆ, ನಮ್ಮೂರಿಗೆ ಅದು ಬೇಕೇ ಬೇಕು.

ಗೃಹಜ್ಯೋತಿ ಇರುವವರು ಮೊದಲು ಲೆಕ್ಕ ಹಾಕಿ. ದಿನಾ ನನ್ನಷ್ಟು ಓಡಿಸಿದರೆ ಗಾಡಿಯೊಂದೇ ತಿಂಗಳಿಗೆ 400 ಯೂನಿಟ್ ದಾಟುತ್ತದೆ. ಬಳಕೆ 200 ದಾಟಿತು ಅಂದರೆ ಪೂರ್ತಿ ಬಿಲ್ ನೀವೇ ಕಟ್ಟಬೇಕು. ಅಂಥವರು ಇವಿಗೆ ಬೇರೆ ಮೀಟರ್ ಹಾಕಿಸೋದು ಒಳ್ಳೆಯದು, ಅದರ ದರದ ವರ್ಗವೇ ಬೇರೆ. ಹಾಗೆ ಮಾಡುವುದಾದರೆ ಈ ಚಾರ್ಜರ್ ಬೇಡ, ಸಾದಾದೇ ಸಾಕು.

ಒಂದೇ ಮೀಟರಿನಲ್ಲಿ ನಡೆಸುವವರು ಧೈರ್ಯವಾಗಿ ತಗೊಳ್ಳಿ. ಆ ಕ್ಲ್ಯಾಂಪ್ ಪೆಟ್ಟಿಗೆಯಲ್ಲೇ ಬರುತ್ತದೋ, ಬೇರೆ ದುಡ್ಡು ಕೊಡಬೇಕೋ ಅಂತ ಮೊದಲೇ ಕೇಳಿಕೊಳ್ಳಿ. ನಮಗೆ ಬೇರೆ ಬಿಲ್ ಹಾಕಿದರು.