ತ್ರೈರಾಶಿಯೋ, ಸರಪಳಿಯೋ, ಪಟ್ಟಿಯೋ?

ಅಕ್ಕನ ಮಗಳು ಫಸ್ಟ್ ಪಿಯುಸಿ. ಮೋಲ್ ಲೆಕ್ಕ (ಮೋಲ್ ಅಂದರೆ ಡಜನ್ ಇದ್ದ ಹಾಗೆ, ಅಣುಗಳನ್ನು ಎಣಿಸುವ ಒಂದು ದೊಡ್ಡ ನಿಗದಿತ ಸಂಖ್ಯೆ) ತಲೆಗೆ ಹತ್ತುತ್ತಿಲ್ಲ ಅಂತ ಪುಸ್ತಕ ಹಿಡಿದು ಬಂದಳು. ಒಂದೇ ಲೆಕ್ಕವನ್ನು ಮೂರು ದಾರಿಯಲ್ಲಿ ಮಾಡಿಸಿದೆ: 14 ಗ್ರಾಂ ನೈಟ್ರೋಜನ್, 6 ಗ್ರಾಂ ಹೈಡ್ರೋಜನ್. ಹೆಚ್ಚೆಂದರೆ ಎಷ್ಟು ಅಮೋನಿಯಾ ಸಿಗುತ್ತದೆ?

ಒಂದು ನೈಟ್ರೋಜನ್ ಅಣುವಿಗೆ ಮೂರು ಹೈಡ್ರೋಜನ್ ಅಣು ಬೇಕು, ಸಿಗುವುದು ಎರಡು ಅಮೋನಿಯಾ. ಅವಳು ಈ 1, 3ನ್ನು ಗ್ರಾಂ ಅಂತಲೇ ಓದಿಕೊಂಡಿದ್ದಳು. ಚಟ್ನಿಗೆ ಒಂದು ಕಾಯಿ, ಮೂರು ಮೆಣಸಿನಕಾಯಿ ಅಂದರೆ ತಕ್ಕಡಿ ತರುತ್ತೀಯಾ ಅಂತ ಕೇಳಿದೆ. ನಕ್ಕಳು. ಇದು ಎಣಿಕೆ, ತೂಕ ಅಲ್ಲ. ಒಂದು ಮೋಲ್ ನೈಟ್ರೋಜನ್ 28 ಗ್ರಾಂ ತೂಗಿದರೆ ಮೂರು ಮೋಲ್ ಹೈಡ್ರೋಜನ್ ಬರೀ 6 ಗ್ರಾಂ.

ಮೊದಲು ತ್ರೈರಾಶಿ. ನಾನು ಕಲಿತಿದ್ದೂ ಅದನ್ನೇ. 28 ಗ್ರಾಂ ನೈಟ್ರೋಜನ್‌ಗೆ 34 ಗ್ರಾಂ ಅಮೋನಿಯಾ, 14ಕ್ಕೆ 17. ಎರಡೇ ಸಾಲು! ಆದರೆ ಅವಳು ಹೈಡ್ರೋಜನ್ ಕಡೆಯಿಂದ ಹೊರಟಳು. 6 ಗ್ರಾಂಗೆ 34 ಬಂತು, ಅದನ್ನೇ ಬರೆದಳು. 20 ಗ್ರಾಂ ಸಾಮಾನು ಹಾಕಿ 34 ಗ್ರಾಂ ಅಡುಗೆ ಮಾಡಿದ್ದಳು, ಅನುಮಾನವೇ ಬರಲಿಲ್ಲ.

ಆಮೇಲೆ ಯೂನಿಟ್ ಸರಪಳಿ: ಗ್ರಾಂನಿಂದ ಮೋಲ್, ಮೋಲ್‌ನಿಂದ ಮೋಲ್, ಮತ್ತೆ ಗ್ರಾಂ. ಭಿನ್ನರಾಶಿ ತಲೆಕೆಳಗಾದರೆ ಯೂನಿಟ್ ಹೊಡೆದುಹೋಗಲ್ಲ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಆದರೆ ಮಕ್ಕಳು ಯೂನಿಟ್ ಬರೆಯಬೇಕಲ್ವಾ? ಇವಳು ಸುಮ್ನೆ ಅಂಕಿ ಬರೆದಳು. ಮೇಲಾಗಿ ಎರಡು ಪದಾರ್ಥ ಇದ್ದರೆ ಸರಪಳಿಯನ್ನೂ ಎರಡು ಸಲ ಎಳೆಯಬೇಕು.

ನನಗೆ ಹಿಡಿಸಿದ್ದು ಪಟ್ಟಿ. ಮೂರು ಸಾಲು: ಮೊದಲು ಇದ್ದದ್ದು, ಬದಲಾದದ್ದು, ಕೊನೆಗೆ ಉಳಿದದ್ದು. ಎಲ್ಲಾ ಮೋಲ್‌ನಲ್ಲೇ. ನೈಟ್ರೋಜನ್ 0.5 ಇತ್ತು, ಪೂರ್ತಿ ಖಾಲಿ. ಹೈಡ್ರೋಜನ್ 3 ಇತ್ತು, 1.5 ಖರ್ಚು, 1.5 ಉಳಿಕೆ. ಅಮೋನಿಯಾ 0 ಇತ್ತು, 1 ಆಯಿತು. ಯಾವುದು ಲಿಮಿಟಿಂಗ್ ರಿಯೇಜೆಂಟ್, ಅಂದರೆ ಮೊದಲು ಖಾಲಿಯಾಗಿ ಕ್ರಿಯೆ ನಿಲ್ಲಿಸುವ ಪದಾರ್ಥ, ಅಂತ ಬೇರೆ ಹೇಳಬೇಕಾಗಿಯೇ ಇಲ್ಲ, ಸೊನ್ನೆ ಎದುರಿಗೇ ಕೂತಿರುತ್ತದೆ. 17 ಗ್ರಾಂ ಅಮೋನಿಯಾ, 3 ಗ್ರಾಂ ಉಳಿದ ಹೈಡ್ರೋಜನ್, ಒಟ್ಟು 20. ತಾಳೆ ಆಯಿತು.

ಪಟ್ಟಿಗೆ ಜಾಗ ಜಾಸ್ತಿ ಬೇಕು, ಹೊತ್ತೂ ಜಾಸ್ತಿ. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಅಲ್ಲಿ ಮನೆ ಎಳೆಯುತ್ತಾ ಕೂರೋಕಾಗಲ್ಲ. ಹಾಗಾಗಿ ಒಂದೇ ಪದಾರ್ಥದ ತೂಕ ಕೊಟ್ಟಿದ್ದರೆ ತ್ರೈರಾಶಿ, ಎರಡನ್ನೂ ಕೊಟ್ಟಿದ್ದರೆ ಪಟ್ಟಿ ಅಂತ ಅವಳೇ ತೀರ್ಮಾನ ಮಾಡಿಕೊಂಡಿದ್ದಾಳೆ. ಸರಪಳಿಯನ್ನು ಮಾತ್ರ ಇವತ್ತಿಗೂ ಮುಟ್ಟಿಲ್ಲ.