ತಾರಸಿಯ ಗ್ಯಾಸ್ ಪ್ಲಾಂಟ್: ಬೇಸಿಗೆಯಲ್ಲಿ ಸೈ, ಧನುರ್ಮಾಸದಲ್ಲಿ ಮುನಿಸು

ಅಡುಗೆಮನೆ ಕಸದಿಂದ ಒಲೆಗೆ ಗ್ಯಾಸ್ ಮಾಡುವ 1 ಘನ ಮೀಟರ್‌ನ ತೇಲುವ ಡ್ರಮ್ಮಿನ ಬಯೋಗ್ಯಾಸ್ ಪ್ಲಾಂಟ್ ಇದು; ಬಗ್ಗಡದ ಟ್ಯಾಂಕಿನ ಮೇಲೆ ಮಗುಚಿಟ್ಟ ಡ್ರಮ್ ಗ್ಯಾಸ್ ತುಂಬಿದಂತೆ ಮೇಲೇರುತ್ತದೆ. ಅಳತೆ, ಬಣ್ಣ, ಗ್ಯಾರಂಟಿ ಎಲ್ಲ ಕರಪತ್ರದಲ್ಲಿವೆ. ಇಲ್ಲದ್ದು ಚಳಿಗಾಲದ ಮಾತು ಮಾತ್ರ.

ಕರಪತ್ರದ ‘ದಿನಕ್ಕೊಂದು ಗಂಟೆ ಉರಿ’ ಎನ್ನುವ ಮಾತು ಬೆಂಗಳೂರಿನ ಏಪ್ರಿಲ್‌ಗೂ ಅತಿಯಾಯಿತು. 2 ಕೆಜಿ ಅನ್ನ, ಸಿಪ್ಪೆಯಿಂದ ಹುಟ್ಟುವುದು ಸುಮಾರು 200 ಲೀಟರ್ ಗ್ಯಾಸ್. ಗಂಟೆಗೆ 450 ಲೀಟರ್ ಎಳೆಯುವ ಒಲೆಗೆ ಅದು ಅರ್ಧ ಗಂಟೆಗೂ ಸಾಲದು. ಡಿಸೆಂಬರ್ ರಾತ್ರಿಗಳು 15-16 ಡಿಗ್ರಿಗೆ ಇಳಿದರೆ ಅದರಲ್ಲೂ ಅರ್ಧಕ್ಕೆ ಕತ್ತರಿ.

ಉರಿಯುವ ಅನಿಲವಾದ ಮಿಥೇನ್ ಮಾಡುವ ಸೂಕ್ಷ್ಮಜೀವಿಗಳಿಗೆ 35 ಡಿಗ್ರಿ ಆಸುಪಾಸು ಹಿತ, 20ರ ಕೆಳಗೆ ಅವು ಮಂಕಾಗುತ್ತವೆ. ಅನ್ನವನ್ನು ಹುಳಿಯಾಗಿಸುವ ಬ್ಯಾಕ್ಟೀರಿಯಾಗಳು ಚಳಿಗೆ ಅಷ್ಟು ಜಗ್ಗುವುದಿಲ್ಲ. ಹುಳಿ ತಯಾರಾಗುತ್ತಲೇ ಇರುತ್ತದೆ, ತಿನ್ನುವವರಿಲ್ಲ. ಗ್ಯಾಸ್ ಕಡಿಮೆಯಾಯಿತೆಂದು ಹೆಚ್ಚು ಕಸ ಸುರಿದರೆ ಮುಗಿಯಿತು: ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 6.5ಕ್ಕಿಂತ ಕೆಳಗೆ ಬಂದು, ಡ್ರಮ್ ಏರಿದ್ದರೂ ಒಲೆ ಹತ್ತುವುದಿಲ್ಲ. ಒಳಗಿರುವುದು ಬಹುಪಾಲು ಇಂಗಾಲದ ಡೈಆಕ್ಸೈಡ್. ಆಗ ಕಸ ಪೂರಾ ನಿಲ್ಲಿಸಿ, ಒಂದು ಬಕೆಟ್ ಸಗಣಿ ಬಗ್ಗಡ ಹಾಕಿ, ಪಿಎಚ್ 7ರ ಹತ್ತಿರ ಬರುವವರೆಗೆ ಕಾಯಬೇಕು. ಡಿಸೆಂಬರ್, ಜನವರಿಯಲ್ಲಿ ಮೊದಲೇ ಕಸವನ್ನು ದಿನಕ್ಕೆ 1 ಕೆಜಿಗೆ ಇಳಿಸಿಕೊಂಡರೆ ಈ ಫಜೀತಿಯೇ ಇಲ್ಲ.

ಬಿಸಿನೀರು ಸುರಿಯಿರಿ ಎಂಬ ಸಲಹೆಯನ್ನು ನಂಬಬೇಡಿ. ಟ್ಯಾಂಕಿನಲ್ಲಿ 20 ಡಿಗ್ರಿಯ 800 ಲೀಟರ್ ಬಗ್ಗಡವಿದ್ದರೆ, 50 ಡಿಗ್ರಿಯ 10 ಲೀಟರ್ ನೀರು ಅದನ್ನು ಅರ್ಧ ಡಿಗ್ರಿಯೂ ಏರಿಸದು. ಇರುವ ಕಾವನ್ನು ಉಳಿಸುವುದೇ ದಾರಿ. ಟ್ಯಾಂಕನ್ನು ಬರಿಯ ಕಾಂಕ್ರೀಟಿನ ಮೇಲೆ ಇಡದೆ ಹಲಗೆಯ ಮೇಲಿಡಿ. ಸುತ್ತ 50 ಮಿ.ಮೀ. ಥರ್ಮೋಕೋಲ್, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ಡ್ರಮ್ಮಿನ ನೆತ್ತಿ ಹಗಲು ಬಿಸಿಲಿಗೆ ಬಿಟ್ಟು, ಸಂಜೆ ಗೋಣಿಚೀಲ ಹೊದಿಸಿ.

ಬೆಳಿಗ್ಗೆ ಡ್ರಮ್ ಸ್ವಲ್ಪ ಕುಸಿದಿದ್ದರೆ ಸೋಪುನೀರು ಹಚ್ಚಿ ಸೋರಿಕೆ ಹುಡುಕುವ ಅವಸರ ಬೇಡ. 35ರಿಂದ 16 ಡಿಗ್ರಿಗೆ ತಣಿದಾಗ ಗ್ಯಾಸ್ ಕುಗ್ಗಿ, ಅದರ ನೀರಾವಿ ಹನಿಯಾಗಿ, ಹತ್ತರಲ್ಲಿ ಒಂದು ಪಾಲು ಹೀಗೇ ಕಡಿಮೆಯಾಗುತ್ತದೆ. ಆ ಹನಿಯೇ ಪೈಪಿನ ತಗ್ಗಿನಲ್ಲಿ ನಿಂತು ಉರಿಯನ್ನು ಕುಣಿಸುತ್ತದೆ. ತಗ್ಗಿಗೊಂದು T ಆಕಾರದ ಪೈಪ್ ಜೋಡಣೆ ಹಾಕಿ ಬಾಟಲಿ ಕಟ್ಟಿದರೆ ಸಾಕು. ಈ ಪುಟ್ಟ ಭಾಗವನ್ನು ಕಂಪನಿ ಏಕೆ ಕೊಡುವುದಿಲ್ಲವೋ!

ಇಷ್ಟೆಲ್ಲ ಬೈದರೂ ಮಧ್ಯಾಹ್ನದ ಕೆಲಸ ಮಾತ್ರ ಹಿತ. ಮೂಳೆ, ಮೊಟ್ಟೆ ಚಿಪ್ಪು, ನಿಂಬೆ ಸಿಪ್ಪೆ ಆರಿಸಿ, ಉಳಿದದ್ದನ್ನು ಗಂಜಿ ಬಸಿದ ನೀರಿನ ಜೊತೆ ಮಿಕ್ಸಿಗೆ ಹಾಕಿ, ಟ್ಯಾಂಕ್ ಬೆಚ್ಚಗಿರುವ ಹೊತ್ತಿಗೆ ಹುಯ್ಯುವುದು. ಹೊರಬಂದ ಬಗ್ಗಡವನ್ನು ಹತ್ತು ಪಾಲು ನೀರಿಗೆ ಬೆರೆಸಿದರೆ ಕರಿಬೇವಿಗೆ ಹಬ್ಬ. ಹುಳಿ ವಾಸನೆಯ ಚಳಿಗಾಲದ ಬಗ್ಗಡ ಕುಂಡಗಳಿಗೆ ಬೇಡ, ಬೇರು ಸುಡುತ್ತದೆ.

ಮಾರ್ಚ್ ಬಂತೆಂದು ಮೈಮರೆಯಬೇಡಿ. ಜೀರ್ಣವಾಗದೆ ಉಳಿದ ಕಸ ಕಾವೇರಿದೊಡನೆ ಒಟ್ಟಿಗೆ ಕೊಳೆತು, ನೊರೆ ಹೊರದಾರಿಯಿಂದ ತಾರಸಿಗೆ ಉಕ್ಕುತ್ತದೆ. ಕಸವನ್ನು ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ಏರಿಸಿ.

5ಕ್ಕೆ 3. ಥರ್ಮೋಕೋಲ್ ಹೊದಿಕೆ ಜೊತೆಗೇ ಕೊಟ್ಟರೆ 4 ಕೊಡಬಹುದು. ಕೊಡದಿದ್ದರೆ ಅದರ ಖರ್ಚನ್ನು ಚೌಕಾಸಿ ಮಾಡಿ ಬೆಲೆಯಲ್ಲೇ ಕಳೆಯಿಸಿಕೊಳ್ಳಿ.