ಮಂಡಿ ಬದಲಿಸದೆ ಮೂಳೆ ನೇರ ಮಾಡಿಸಿಕೊಂಡೆ: ಬಳ್ಳಾರಿಯ ಆಸ್ಪತ್ರೆಯೊಂದರ ಅನುಭವ

ನನಗೆ 49 ವರ್ಷ, ಕೌಲ್ ಬಜಾರ್‌ನಲ್ಲಿ ಟೈಲರಿಂಗ್ ಅಂಗಡಿ. ಎಡಗಾಲು ಬಿಲ್ಲಿನ ಹಾಗೆ ಬಾಗಿತ್ತು, ಮಂಡಿಯ ಒಳಬದಿ ಮಾತ್ರ ಸವೆದಿತ್ತು. ಮೊದಲು ನೋಡಿದವರು ಮಂಡಿನೇ ಬದಲಿಸಿ ಅಂದರು. ಇಲ್ಲಿನ ಡಾಕ್ಟರು ನನ್ನನ್ನು ನಿಲ್ಲಿಸಿ ಸೊಂಟದಿಂದ ಹಿಮ್ಮಡಿವರೆಗೆ ಎಕ್ಸ್‌ರೇ ತೆಗೆಸಿ, ಅದರ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದು, ಭಾರವೆಲ್ಲ ಎಲ್ಲಿ ಬೀಳುತ್ತಿದೆ ಅಂತ ತೋರಿಸಿದರು. ಅಷ್ಟು ತಾಳ್ಮೆಯಿಂದ ಯಾರೂ ಹೇಳಿರಲಿಲ್ಲ.

ಮಂಡಿಯ ಕೆಳಗಿನ ದೊಡ್ಡ ಮೂಳೆಯನ್ನು ಒಳಬದಿಯಿಂದ ಕತ್ತರಿಸಿ, ಸ್ವಲ್ಪ ಅಗಲಿಸಿ, ಪ್ಲೇಟು ಸ್ಕ್ರೂ ಹಾಕಿ, ಭಾರವನ್ನು ಚೆನ್ನಾಗಿರುವ ಹೊರಬದಿಗೆ ಸರಿಸುತ್ತಾರೆ. ಸ್ವಂತ ಮಂಡಿ ಉಳಿಯುತ್ತದೆ. ಮುಂದೆ ಬೇಕಾದರೆ ಬದಲಿಸಲೂಬಹುದು. ಮಂಡಿ ಪೂರ್ತಿ ಸವೆದವರಿಗೆ ಇದು ಆಗಲ್ಲ. ಬೀಡಿ ಬಿಡಲೇಬೇಕು ಅಂದರು, ಮೂಳೆ ಕೂಡುವುದು ತಡವಾಗುತ್ತದಂತೆ. ಬಿಟ್ಟೆ.

6 ವಾರ ವಾಕರ್, ಕಾಲಿನ ಮೇಲೆ ಪೂರ್ತಿ ಭಾರ ಹಾಕುವ ಹಾಗಿಲ್ಲ. ಈ ಬಿಸಿಲಲ್ಲಿ ಮನೆಯಲ್ಲೇ ಕೂರುವುದು ಸುಲಭ ಅಲ್ಲ. ಒಂದು ಬೇಜಾರು ಇದೆ. ಡಿಸ್ಚಾರ್ಜ್ ದಿನ ಬಿಲ್‌ಗೆ ಅರ್ಧ ದಿನ ಕೂರಿಸಿದರು, ವ್ಯಾಯಾಮ ಮಾತ್ರ ಎರಡೇ ನಿಮಿಷದಲ್ಲಿ ಹೇಳಿ ಮುಗಿಸಿದರು. ಮನೆಗೆ ಹೋಗುವ ಮುಂಚೆ ನೀವೇ ಕೇಳಿ ಬರೆಸಿಕೊಳ್ಳಿ. ಈಗ ಐದನೇ ತಿಂಗಳು, ಮೊನ್ನೆಯಿಂದ ಮಷಿನ್ ತುಳಿಯುತ್ತಿದ್ದೇನೆ.